ಮಿಕ್ಸಿಗೊಂದು ಶೋಕಸಭೆ

ಇಂದುಶೇಖರನಿಗೆ ಬೇಕಾಗಿದ್ದದ್ದು ಒಂದು ಕುರ್ಚಿ. ಗುರ್‌ಗಾಂವ್‌ನ ಗಾಜಿನ ಕಟ್ಟಡವೊಂದರಲ್ಲಿ ಅವನು ಕೆಲಸ ಮಾಡುತ್ತಿದ್ದ ಜಾಹೀರಾತು ಕಂಪನಿ ಇತ್ತು. ಅದರ ಮೂಲೆಯ ಕೋಣೆಯಲ್ಲಿ ಆ ಕುರ್ಚಿ ಇತ್ತು. ಕಪ್ಪು ಚರ್ಮದ್ದು, ಗಿರ್ರನೆ ತಿರುಗುವಂಥದ್ದು. ಅದರಲ್ಲಿ ಕೂತವನಿಗೆ ಕ್ರಿಯೇಟಿವ್ ಹೆಡ್ ಅನ್ನುತ್ತಿದ್ದರು. ಮೊದಲು ಕೂತಿದ್ದವನು ದುಬೈಗೆ ಹಾರಿದ ಮೇಲೆ ಕುರ್ಚಿ ಖಾಲಿ ಬಿದ್ದಿತ್ತು. ಇಂದುಶೇಖರ ಭಾನುವಾರವೂ ಆಫೀಸಿಗೆ ಹೋಗುವನು, ಯಾರೂ ಇಲ್ಲದ್ದು ನೋಡಿ ಅದರಲ್ಲಿ ಕೂತು ಎರಡು ಸುತ್ತು ತಿರುಗಿ, ಧೂಳು ಒರೆಸಿ, ಮನೆಗೆ ಬರುವನು. ದೇವಸ್ಥಾನಕ್ಕೆ ಹೋಗಿ ಬಂದವರ ಮುಖದಲ್ಲೂ ಅಷ್ಟು ಕಳೆ ಇರುವುದಿಲ್ಲ.

ದಾವಣಗೆರೆಯ ಹುಡುಗ. ಓದಿನಲ್ಲಿ ಜಾಣನೇ. ಆಮೇಲೆ ಎಂಬಿಎ ಅನ್ನುವುದು ತಗುಲಿಕೊಂಡಿತು. ದೆಹಲಿಗೆ ಬಂದು, ಮದುವೆಯಾಗಿ, ವಸಂತ್ ಕುಂಜ್‌ನಲ್ಲಿ ಬಾಡಿಗೆಗೆ ಮನೆ ಹಿಡಿದ ಹೊತ್ತಿಗೆ ಅವನ ಕಣ್ಣಿಗೆ ಮನುಷ್ಯರು ಕಾಣುವುದೇ ನಿಂತುಹೋಗಿತ್ತು. ಬರೀ ಕಣ್ಣುಗುಡ್ಡೆಗಳು ಕಾಣುತ್ತಿದ್ದವು. ಆ ಕಸುಬಿನಲ್ಲಿ ನೋಡುಗರನ್ನು ಹಾಗೇ ಎಣಿಸುತ್ತಾರಂತೆ.

"ಈ ವಾರ ನಲವತ್ತು ಸಾವಿರ ಕಣ್ಣುಗುಡ್ಡೆ ಸಿಕ್ಕಿದ್ವು ಕಣೇ," ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ.

"ಅಚ್ಛಾ," ಎಂದಳು ಉಷಾ, ಅನ್ನ ಬಡಿಸುತ್ತ. "ಮೂಗು, ಕಿವಿ ಎಲ್ಲಾ ಯಾರು ತಗೊಂಡ್ರು ರೀ?"

ಆ ಕಣ್ಣುಗುಡ್ಡೆಗಳು ಒಂದು ಫ್ಯಾನಿನ ಜಾಹೀರಾತಿಗೆ ಸಿಕ್ಕಿದವು. ಧೌಲಾ ಕುಆಂ ಹತ್ತಿರ ಅವನು ಮೂರು ಮಾಳಿಗೆ ಎತ್ತರದ ಫ್ಯಾನು ನಿಲ್ಲಿಸಿದ್ದ. ಅದು ತಿರುಗಿದ ರಭಸಕ್ಕೆ ಪಾಲಂನಲ್ಲಿ ಇಳಿಯಬೇಕಾಗಿದ್ದ ವಿಮಾನ ಜೈಪುರದಲ್ಲಿ ಇಳಿಯಿತಂತೆ, ಮೋತಿ ಬಾಗ್‌ನಲ್ಲಿ ಒಣಹಾಕಿದ್ದ ಸೀರೆ ಮೇರಠ್‌ನ ವಕೀಲರೊಬ್ಬರ ಹೆಗಲ ಮೇಲೆ ಕೂತಿತಂತೆ. ಸುಳ್ಳು ಅನ್ನುವವರು ಆ ವಕೀಲರ ಹೆಂಡತಿಯನ್ನು ಕೇಳಿ. ಆಟೋದವರು ಆ ಫ್ಯಾನಿನ ಕೆಳಗೆ ಗಾಡಿ ನಿಲ್ಲಿಸಿ, ಛೋಲೆ ಕುಲ್ಚೆ ತಿಂದು, ಮಲಗಿ ಎದ್ದು ಹೋದರು. ಇಡೀ ಬೇಸಿಗೆಯಲ್ಲಿ ಆ ಫ್ಯಾನು ಕಂಪನಿಯ ಫ್ಯಾನು ಕೊಂಡವರು ಯಾರಾದರೂ ಇದ್ದರೆ ಅದು ಆ ಕಂಪನಿಯ ಮಾಲೀಕನ ಮಾವನೇ ಇರಬೇಕು.

ಅದಕ್ಕೇ ಯಜಮಾನ ಚಾವ್ಲಾ ಅವನನ್ನು ಕರೆದು ಹೇಳಿದ್ದು: "ನೋಡು ಇಂದರ್, ಈಗ ಮಿಕ್ಸಿ ಬಂದಿದೆ. ಜನ ಬರಬೇಕು, ಮಾಲೂ ಹೋಗಬೇಕು. ಎರಡೂ ಆಯ್ತೋ, ಕುರ್ಚಿ ನಿನ್ನದು. ಆಗದಿದ್ದರೆ ಲಖನೌ."

ಲಖನೌ ಬ್ರಾಂಚ್ ಅಂದರೆ ಬ್ಯಾಟರಿ ಅಂಗಡಿಯ ಮೇಲಿನ ಒಂದು ಮೇಜು. ಅಲ್ಲಿಗೆ ಹೋದವರು ಯಾರೂ ವಾಪಸು ಬಂದ ದಾಖಲೆ ಇರಲಿಲ್ಲ.

ಇಂದುಶೇಖರ ಊಟ ಬಿಟ್ಟ, ನಿದ್ದೆ ಬಿಟ್ಟ, ಗಡ್ಡ ಬಿಟ್ಟ. ಕೊನೆಗೆ ಒಂದು ಬೆಳಗ್ಗೆ ಹಲ್ಲುಜ್ಜುತ್ತ ಪೇಪರ್ ನೋಡುತ್ತಿದ್ದಾಗ ಅವನಿಗೆ ಐಡಿಯಾ ಹೊಳೆಯಿತು. ದೆಹಲಿಯ ಪೇಪರುಗಳಲ್ಲಿ ದಿನವೂ ಅರ್ಧ ಪುಟ ಉಠಾಲಾ ಜಾಹೀರಾತು. ಉಠಾಲಾ ಅಂದರೆ ಯಾರಾದರೂ ಸತ್ತ ಮೂರು ನಾಲ್ಕು ದಿನಕ್ಕೆ ಸಂಜೆ ಒಂದು ಗಂಟೆ ಹೊತ್ತು ನಡೆಯುವ ಶೋಕಸಭೆ. ಬಿಳಿ ಬಟ್ಟೆ ಹಾಕಿಕೊಂಡು ಹೋಗಿ, ಚಾಪೆಯ ಮೇಲೆ ಸುಮ್ಮನೆ ಕೂತು, ಬಾಗಿಲಲ್ಲಿ ನಿಂತ ಮನೆಯವರಿಗೆ ಕೈಮುಗಿದು ಬರುವುದು. ದೆಹಲಿಯವನು ಮದುವೆ ತಪ್ಪಿಸಿಯಾನು, ಮತದಾನ ತಪ್ಪಿಸಿಯಾನು, ಉಠಾಲಾ ತಪ್ಪಿಸುವುದಿಲ್ಲ. ತನ್ನದಕ್ಕೆ ಜನ ಬಾರದೇ ಹೋದರೆ ಅನ್ನುವ ಭಯ.

ಸರಿ, ಕಾರ್ಡು ಅಚ್ಚಾಯಿತು. ಕಪ್ಪು ಅಂಚು. "ಮೂವತ್ತು ವರ್ಷ ನಮ್ಮೆಲ್ಲರಿಗಾಗಿ ಬಿಡುವಿಲ್ಲದೆ ದುಡಿದ ಬಾಬು ರಾಮ್‌ಸರೂಪ್ ಜೀ ಇನ್ನಿಲ್ಲ. ಉಠಾಲಾ ಭಾನುವಾರ ನಾಲ್ಕಕ್ಕೆ, ದ್ವಾರಕಾದ ಸಮುದಾಯ ಭವನದಲ್ಲಿ." ಕಾರ್ಡು ತಿರುಗಿಸಿದರೆ ಬಣ್ಣಬಣ್ಣದಲ್ಲಿ, "ರಾಮ್‌ಸರೂಪ್ ಅಂದರೆ ನಿಮ್ಮ ಹಳೇ ಮಿಕ್ಸಿ! ಈ ಕಾರ್ಡು ತಂದವರಿಗೆ ಹೊಸ ವಾಯುವೇಗ್ ಮಿಕ್ಸಿ ಅರ್ಧ ಬೆಲೆಗೆ!" ಜನ ಬೆಚ್ಚಬೇಕು, ತಿರುಗಿಸಬೇಕು, ನಗಬೇಕು, ಓಡಿ ಬರಬೇಕು. ಚಾವ್ಲಾ ಮೇಜು ಗುದ್ದಿ ಮೆಚ್ಚಿದ. ಇಂದುಶೇಖರ ಮನೆಯಲ್ಲಿ ಬಾಯಿಬಿಡಲಿಲ್ಲ. ವ್ಯಾಪಾರದ ಗುಟ್ಟು. ದ್ವಾರಕಾ, ಮುನಿರ್ಕಾ, ವಸಂತ್ ಕುಂಜ್, ಎಲ್ಲ ಕಡೆ ಪೇಪರಿನೊಳಗೆ ಇಟ್ಟು ಹಂಚಿಸಿದ.

ಸಾವಿನ ಕಾರ್ಡನ್ನು ಯಾರೂ ತಿರುಗಿಸುವುದಿಲ್ಲ. ಓದಿದ ತಕ್ಷಣ ಬಾಗಿಲ ಹೊರಗೇ ಹರಿದು ಹಾಕುತ್ತಾರೆ, ಮನೆಯೊಳಗೆ ತರುವುದಿಲ್ಲ. ದೆಹಲಿಯಲ್ಲೂ ಅಷ್ಟೆ, ದಾವಣಗೆರೆಯಲ್ಲೂ ಅಷ್ಟೆ. ಇಂದುಶೇಖರನ ಅಜ್ಜಿ ಅಂಥ ಕಾಗದ ಹರಿದು, ಕಾಲು ತೊಳೆದು ಒಳಗೆ ಬರುತ್ತಿದ್ದದ್ದನ್ನು ಅವನೇ ನೋಡಿದ್ದ. ಆದರೆ ಎಂಬಿಎಯಲ್ಲಿ ಅಜ್ಜಿಯ ಪಾಠ ಇರಲಿಲ್ಲ.

ಮತ್ತೊಂದು ವಿಷಯವೂ ಅವನ ತಲೆಗೆ ಹೊಳೆದಿರಲಿಲ್ಲ. ದೆಹಲಿಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ರಾಮ್‌ಸರೂಪ್ ಇರುತ್ತಾನೆ. ಒಬ್ಬನಿಗೆ ಪೋಸ್ಟ್‌ಮ್ಯಾನ್, ಒಬ್ಬನಿಗೆ ಮೇಷ್ಟ್ರು, ಒಬ್ಬನಿಗೆ ಹೆಡ್ ಕ್ಲರ್ಕ್. ಮೂವತ್ತು ವರ್ಷ ದುಡಿದವರೇ ಎಲ್ಲರೂ.

ಭಾನುವಾರ ನಾಲ್ಕಕ್ಕೆ ಭವನ ತುಂಬಿತು. ನಾಲ್ಕೂಕಾಲಿಗೆ ಹೊರಗೂ ತುಂಬಿತು. ಎಲ್ಲರೂ ಬಿಳಿ ಬಟ್ಟೆ. ಒಳಗೆ ಬಿಳಿ ಹಾಸು, ಅಗರಬತ್ತಿ, ಎದುರಿಗೆ ಬಿಳಿ ಪರದೆ. ಪರದೆಯ ಹಿಂದೆ ಚೆಂಡುಹೂವಿನ ಹಾರ ಹಾಕಿಕೊಂಡ ಮಿಕ್ಸಿ. ಇಂದುಶೇಖರ ಬಾಗಿಲಲ್ಲಿ ಕಾರ್ಡು ತೆಗೆದುಕೊಳ್ಳಲು ಬುಟ್ಟಿ ಹಿಡಿದು ನಿಂತಿದ್ದ. ಬುಟ್ಟಿ ಖಾಲಿ. ಬಂದವರೆಲ್ಲ ಅವನನ್ನು ಸತ್ತವರ ಮಗನೆಂದುಕೊಂಡು ಭುಜ ತಟ್ಟಿ, "ಧೈರ್ಯ ತಗೋ ಬೇಟಾ" ಎಂದು ಒಳಗೆ ಹೋಗುತ್ತಿದ್ದರು.

ಒಳಗೆ ಪಿಸುಮಾತು ನಡೆದಿತ್ತು.

"ಎಷ್ಟು ಎತ್ತರದ ಆಳು! ಬಾಗಿಲಲ್ಲಿ ತಲೆ ತಗ್ಗಿಸ್ತಿದ್ರು," ಎಂದರು ಒಬ್ಬರು.

"ಎತ್ತರ ಎಲ್ಲಿಂದ ಬಂತು ಭಾಯಿಸಾಬ್? ನನ್ನ ಹೆಗಲಿಗೂ ಬರ್ತಿರಲಿಲ್ಲ."

"ಕಾಯಿಲೆ ಇತ್ತಲ್ಲ, ಕುಗ್ಗಿರಬೇಕು," ಎಂದು ಮೂರನೆಯವರು ರಾಜಿ ಮಾಡಿಸಿದರು.

ಚಾವ್ಲಾ ಹಿಂಬಾಗಿಲಿಂದ ಇಣುಕಿ ನೋಡಿ ಇಂದುಶೇಖರನನ್ನು ಎಳೆದುಕೊಂಡು ಹೋದ. "ಏನು ಜನ! ಏನು ಅಟೆನ್ಷನ್! ಯಾರೂ ಕಣ್ಣು ಪಿಳುಕಿಸ್ತಿಲ್ಲ. ಚಲೋ, ಪರದೆ ಎಳಿ."

ಇಂದುಶೇಖರ ಹಗ್ಗ ಹಿಡಿದ. ಪರದೆಯ ಸಂದಿನಿಂದ ನೋಡಿದ. ಮೊದಲ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಅವನ ಹೆಂಡತಿಯ ತಂದೆ ದಕ್ಷಿಣಾಮೂರ್ತಿಗಳು ಕೂತಿದ್ದರು. ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾಗಿ ದ್ವಾರಕಾದಲ್ಲೇ ಇದ್ದವರು. ಅವರಿಗೂ ಒಬ್ಬ ರಾಮ್‌ಸರೂಪ್ ಇದ್ದ, ಡಿಸ್ಪ್ಯಾಚ್ ಸೆಕ್ಷನ್ನಿನವನು. ಟ್ರಂಕು ಹೊತ್ತು ದೆಹಲಿಗೆ ಬಂದಾಗ, ಹಿಂದಿಯಲ್ಲಿ ನೀರು ಕೇಳಲೂ ಬಾರದಿದ್ದಾಗ, ಮುನಿರ್ಕಾದಲ್ಲಿ ಮೊದಲ ಕೋಣೆ ಕೊಡಿಸಿದವನು. ದಕ್ಷಿಣಾಮೂರ್ತಿಗಳು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಸರ್, ಬೇಡ ಸರ್. ನಮ್ಮ ಮಾವ ಕೂತಿದ್ದಾರೆ. ಅಳ್ತಾ ಇದ್ದಾರೆ."

"ಅಳ್ತಿದ್ದಾರಾ? ಬಹುತ್ ಬಢಿಯಾ! ಇನ್ನೇನು ಬೇಕು? ಕುರ್ಚಿನೋ, ಲಖನೌನೋ?"

ಮಾವ ಇನ್ನೊಮ್ಮೆ ಕಣ್ಣೊರೆಸಿಕೊಂಡರು. ಅಳಿಯ ಕುರ್ಚಿಯನ್ನು ನೆನೆದ. ಎಳೆದ.

ಪರದೆ ಸರಿಯಿತು, ಢಣಢಣ ಸಂಗೀತ ಬಂತು, ಧ್ವನಿವರ್ಧಕದಲ್ಲಿ ಒಬ್ಬಳು "ಹಳೇದು ಹೋಯ್ತು, ಹೊಸದು ಬಂತು" ಎಂದು ಹಿಂದಿಯಲ್ಲಿ ಕಿರುಚಿದಳು. ಮಿಕ್ಸಿ ದೀಪಗಳ ನಡುವೆ ಗಿರಗಿರ ತಿರುಗಿತು. ಐನೂರು ಜನ ಬಾಯಿ ತೆರೆದು ನೋಡಿದರು. ಅಷ್ಟು ಗಮನ ಹುಟ್ಟಿದಾಗಿನಿಂದ ಯಾವ ಮಿಕ್ಸಿಗೂ ಸಿಕ್ಕಿದ್ದಿಲ್ಲ.

ಹಿಂದಿನ ಸಾಲಿನಿಂದ ಎತ್ತರದ ಪಂಜಾಬಿ ಮುದುಕಿಯೊಬ್ಬರು ಎದ್ದರು. "ಓಯ್, ಈ ಡಬ್ಬ ಬಂದ್ ಮಾಡು!"

ಯಾರೋ ಪ್ಲಗ್ ಕಿತ್ತರು. ಮುದುಕಿ ವೇದಿಕೆಗೆ ಬಂದು, ಮಿಕ್ಸಿಯ ಕೊರಳಿನ ಹಾರ ತೆಗೆದು, ಮಿಕ್ಸಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಹಾರವನ್ನು ಖಾಲಿ ಮೇಜಿನ ಮೇಲಿಟ್ಟರು. "ಬಂದಿದ್ದೀವಿ, ಕೂತ್ಕೊಳ್ಳೋಣ. ಅವರವರ ರಾಮ್‌ಸರೂಪ್ ಅವರವರ ಮನಸಲ್ಲಿರಲಿ," ಎಂದರು. ಇಡೀ ಭವನ ಮತ್ತೆ ಕೂತಿತು. ಭಜನೆ ಶುರುವಾಯಿತು. ಒಂದು ಗಂಟೆ ಪೂರ್ತಿ ನಡೆಯಿತು. ಚಾವ್ಲಾನಿಗೂ ಒಬ್ಬ ರಾಮ್‌ಸರೂಪ್ ಇದ್ದನಂತೆ, ತಂದೆಯ ಕಾಲದ ಡ್ರೈವರ್. ಅವನೂ ಒಂದು ಮೂಲೆಯಲ್ಲಿ ಮೊಬೈಲ್ ಆರಿಸಿ ಕೂತ.

ಹೊರಡುವಾಗ ಪದ್ಧತಿಯಂತೆ ಎಲ್ಲರೂ ಬಾಗಿಲಲ್ಲಿ ನಿಂತವನಿಗೆ ಕೈಮುಗಿದರು. ಬಾಗಿಲಲ್ಲಿ ಇಂದುಶೇಖರ. ಅವನೂ ಖಾಲಿ ಬುಟ್ಟಿ ಕಂಕುಳಲ್ಲಿಟ್ಟು ಐನೂರು ಸಲ ಕೈಮುಗಿದ. ಕೊನೆಗೆ ದಕ್ಷಿಣಾಮೂರ್ತಿಗಳು ಬಂದರು. ಪರರಿಗೆ ಮುಗಿದಂತೆ ಮುಗಿದರು.

"ನಿಮ್ಮದೇ ಕೆಲಸವೇನು ಅಳಿಯಂದ್ರೇ?"

"ಹೌದು ಮಾವ. ಕಾರ್ಡಿನ ಹಿಂದೆ ಬರೆದಿತ್ತು..."

"ಸಾವಿನ ಕಾರ್ಡಿಗೆ ಹಿಂಬದಿ ಬೇರೆ ಇರತ್ತೆ ಅಂತ ನಮ್ಮ ಸರ್ವಿಸಿನಲ್ಲಿ ಯಾರೂ ಹೇಳಿಕೊಡಲಿಲ್ಲ ನೋಡಿ," ಎಂದು ಚಪ್ಪಲಿ ಹುಡುಕಲು ಹೋದರು.

ಮರುದಿನ ಅವರು ಬಸ್ಸು ಹತ್ತಿ ನಜಫ್‌ಗಢಕ್ಕೆ ಹೋದರು. ರಾಮ್‌ಸರೂಪ್ ಮಗನ ಮನೆಯ ಅಂಗಳದಲ್ಲಿ ಮಂಚದ ಮೇಲೆ ಕೂತು ಮೂಲಂಗಿ ತಿನ್ನುತ್ತಿದ್ದ. ಇಬ್ಬರೂ ನಿವೃತ್ತರಾದ ಮೇಲೆ ಒಮ್ಮೆಯೂ ಭೇಟಿಯಾಗಿರಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮುಂದಿನ ಭಾನುವಾರ ಅವನನ್ನು ಮಗಳ ಮನೆಗೇ ಊಟಕ್ಕೆ ಕರೆತಂದರು. "ನಿನ್ನನ್ನ ಕೊಂದವರು ಇವರೇ," ಎಂದು ಅಳಿಯನನ್ನು ತೋರಿಸಿದರು.

ರಾಮ್‌ಸರೂಪ್‌ಗೆ ಸಿಟ್ಟಿಲ್ಲ. ಮುಖ ಅರಳಿಸಿ ಕೇಳಿದ: "ಎಷ್ಟು ಜನ ಬಂದಿದ್ರು ಬೇಟಾ? ಅತ್ತರಾ? ಹೆಂಗಸರೂ ಅತ್ತರಾ?"

ಇಂದುಶೇಖರನಿಗೆ ಆ ವಾರ ಮೊದಲ ಸಲ ಒಬ್ಬ ಶ್ರೋತೃ ಸಿಕ್ಕಿದ್ದ. ಒಂದಕ್ಕೆರಡು ಸೇರಿಸಿ ಹೇಳಿದ. ಹೇಳುತ್ತ ಹೇಳುತ್ತ ತುತ್ತು ಕೈಯಲ್ಲೇ ನಿಂತಿತು. ಮುಖಕ್ಕೆ ಮತ್ತೆ ಆ ಕಳೆ ಬಂತು.

"ಬೇಡ," ಎಂದಳು ಉಷಾ. ಅವಳಿಗೆ ಆ ಮುಖ ಗೊತ್ತು. "ರೀ, ಬೇಡ ಅಂದೆ."

ಅವನು ಆಗಲೇ ಎಡಗೈಯಲ್ಲಿ ಚಾವ್ಲಾನಿಗೆ ಫೋನು ಒತ್ತಿದ್ದ. "ಸರ್, ಲಖನೌ ಆರ್ಡರ್ ಒಂದು ವಾರ ತಡೀರಿ. ಸತ್ತಿದ್ದಕ್ಕೇ ಐನೂರು ಜನ ಬಂದ್ರು. ರಾಮ್‌ಸರೂಪ್ ಬದುಕಿ ಬಂದ್ರೆ? ಅಸಲಿ ರಾಮ್‌ಸರೂಪ್, ಸರ್! ಇಲ್ಲೇ ನಮ್ಮನೇಲಿ ಸಾರು ಕುಡೀತಿದ್ದಾರೆ!"

"ಇದೇ ಕಡೇ ಸಲ," ಎಂದ ಚಾವ್ಲಾ.

ಈ ಸಲ ಪೇಪರಿನಲ್ಲಿ ಕಾಲು ಪುಟದ ಜಾಹೀರಾತು. "ರಾಮ್‌ಸರೂಪ್ ಜೀ ಬದುಕಿದ್ದಾರೆ! ಬನ್ನಿ, ಭೇಟಿ ಮಾಡಿ!" ಅದೇ ಭವನ. ಸಮೋಸಾ, ಜಿಲೇಬಿ, ಶಹನಾಯಿ. ರಾಮ್‌ಸರೂಪ್ ಹೊಸ ಪೇಟ ಸುತ್ತಿಸಿಕೊಂಡು, ಗುಲಾಬಿ ಹಾರ ಹಾಕಿಸಿಕೊಂಡು, ಮಿಕ್ಸಿಯ ಪಕ್ಕ ಕುರ್ಚಿಯಲ್ಲಿ ಕೂತ. ನಾಲ್ಕಾಯಿತು. ಐದಾಯಿತು. ನೊಣಗಳು ಬಂದವು, ಜಿಲೇಬಿಗೆ.

ದಕ್ಷಿಣಾಮೂರ್ತಿಗಳು ಮೊದಲ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಬರುವಾಗ ಪಕ್ಕದ ಫ್ಲ್ಯಾಟಿನ ಕೇಶವಮೂರ್ತಿಯನ್ನೂ ಕರೆದಿದ್ದರು. "ಸತ್ತಿದ್ರೆ ಹೋಗದೆ ಇರಕ್ಕಾಗಲ್ಲ ಸಾರ್. ಬದುಕಿದ್ದಾರಲ್ಲ, ಇನ್ಯಾವಾಗಾದ್ರೂ ಹೋದ್ರಾಯ್ತು," ಎಂದು ಅವನು ಟಿವಿಯತ್ತ ತಿರುಗಿದ್ದ. ದ್ವಾರಕಾ, ಮುನಿರ್ಕಾ, ವಸಂತ್ ಕುಂಜ್, ಎಲ್ಲರೂ ಅದನ್ನೇ ಅಂದುಕೊಂಡು ಟಿವಿ ನೋಡುತ್ತಿದ್ದರು.

ಆರಕ್ಕೆ ಚಾವ್ಲಾ ಬಂದ. ಖಾಲಿ ಚಾಪೆಗಳನ್ನು ನೋಡಿದ. ಒಂದು ಸಮೋಸಾ ತಿಂದ. "ಲಖನೌ ಗಾಡಿ ರಾತ್ರಿ ಇದೆ," ಎಂದಷ್ಟೇ ಹೇಳಿ ಹೋದ. ಕುರ್ಚಿ ಮುಂದಿನ ವಾರ ಅವನ ಭಾವಮೈದುನನ ಪಾಲಾಯಿತು. ಅವನಿಗೆ ಐಡಿಯಾ ಅನ್ನುವ ರೋಗವೇ ಇರಲಿಲ್ಲ, ಹಾಗಾಗಿ ಕಂಪನಿ ಇವತ್ತಿಗೂ ನಡೆಯುತ್ತಿದೆ.

ಇಂದುಶೇಖರ ಬಾಗಿಲಲ್ಲೇ ನಿಂತಿದ್ದ, ಕೈಮುಗಿಯಲು ಯಾರೂ ಇಲ್ಲದೆ.

ವೇದಿಕೆಯ ಮೇಲೆ ರಾಮ್‌ಸರೂಪ್ ಪೇಟ ತೆಗೆದು ಬೋಳುತಲೆ ಕೆರೆದುಕೊಂಡ.

"ಮೂರ್ತಿ, ಯಾರೂ ಬರಲಿಲ್ಲವಲ್ಲೋ."

"ಬರಲಿಲ್ಲ ಕಣಯ್ಯ."

"ಹಾಗಾದ್ರೆ ನಾನು ಬದುಕಿರೋದು ಗ್ಯಾರಂಟಿ," ಎಂದು ರಾಮ್‌ಸರೂಪ್ ಜಿಲೇಬಿಯ ತಟ್ಟೆಯನ್ನೇ ಎತ್ತಿಕೊಂಡು ಕೆಳಗಿಳಿದು, ಗೆಳೆಯನ ಪಕ್ಕ ಚಾಪೆಯ ಮೇಲೆ ಕೂತ. "ಸರಿ, ನೊಣ ಓಡಿಸು. ತಿನ್ನೋಣ."