ಹತ್ತಿಕುಣಿಯ ಮಂದಾನಿಲ

ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಮುಂದಿನ ವಿದ್ಯೆಯನ್ನೆಲ್ಲ ಯಾದಗಿರಿಯ ಗ್ರಂಥಾಲಯದಲ್ಲಿ ಸ್ವಂತವಾಗಿ ಸಂಪಾದಿಸಿದವನು. ಹೀಗಾಗಿ ಯಾರು ಏನು ಹೇಳಿದರೂ ಸುಲಭಕ್ಕೆ ನಂಬುವುದಿಲ್ಲ. ವನದುರ್ಗದ ಕೋಟೆಯಿಂದ ಸುರಪುರಕ್ಕೆ ಸುರಂಗವಿದೆ ಎಂದವರನ್ನು "ನೀವು ಹೊಕ್ಕು ಬಂದೀರೇನು?" ಎಂದು ಕೇಳಿ ಹಲವರ ಸ್ನೇಹ ಕಳೆದುಕೊಂಡಿದ್ದೇನೆ. ಬರವಣಿಗೆಗೆ ಅಲಂಕಾರ ಬೇಕು ಎಂಬ ಒಂದು ಮಾತನ್ನು ಮಾತ್ರ ಯಾವ ಪುರಾವೆಯನ್ನೂ ಕೇಳದೆ ಏಕೆ ಒಪ್ಪಿಕೊಂಡೆನೋ ತಿಳಿಯದು.

ಸುರಪುರದ ಸಾಹಿತ್ಯಗೋಷ್ಠಿಯಲ್ಲಿ ನೆನಪಿನ ಬರಹವೊಂದನ್ನು ಓದಲು ಕರೆ ಬಂದಿತ್ತು. ಅದು ನನ್ನ ಹೆಂಡತಿಯ ತವರು. ಹತ್ತಿಕುಣಿ ಕೆರೆಗೆ ಒಬ್ಬನೇ ಹೋದ ದಿನದ ಬಗ್ಗೆ ಬರೆದೆ. ಗೋಷ್ಠಿಯ ಹಿಂದಿನ ದಿನ ಬೆಳಿಗ್ಗೆ ಗಟ್ಟಿಯಾಗಿ ಓದಿ ನೋಡಿದೆ: "ಜಲಾಶಯದ ತಟದಲ್ಲಿ ಮಂದಾನಿಲಸ್ಪರ್ಶದಿಂದ ಮೈಮರೆತು ಬಹುಹೊತ್ತು ಒರಗಿದ್ದೆ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರ್ರಿ ಆಕಿ?"

"ಯಾರು?"

"ಆಕಿನೇ, ಮಂದಾನಿಲಾ. ರಾಮಸಮುದ್ರದಾಕಿಯೋ, ಶಹಾಪುರದಾಕಿಯೋ?"

"ಅದು ಗಾಳಿ. ಮೆಲ್ಲಕ ಬೀಸೋ ಗಾಳಿ."

"ಗಾಳಿ ಅಂತ ಬರಿಯಾಕ ಏನ್ ಧಾಡಿ? ಇದನ್ನ ನಮ್ಮ ತಮ್ಮನ ಮುಂದ ಓದೋದಾದ್ರ ನಾ ಬರಂಗಿಲ್ಲ. ಮಂದಾನಿಲಾನ ಕರ್ಕೊಂಡು ಹೋಗ್ರಿ."

ಹೆಂಡತಿಯನ್ನು ಬಿಟ್ಟು ಅವಳ ತವರಿಗೆ ಹೋಗುವ ಧೈರ್ಯ ನನಗಿಲ್ಲ. ನಿಘಂಟು ತೆರೆದು ತೋರಿಸಿದೆ.

"ಪುಸ್ತಕದಾಗ ಬರದದ್ದೆಲ್ಲಾ ಖರೇ ಅಂತ ಯಾವಾಗಿಂದ ನಂಬಾಕತ್ತೀರಿ?" ಎಂದಳು.

ನಲವತ್ತು ವರ್ಷ ನಾನೇ ಹೇಳಿಕೊಟ್ಟ ಪಾಠ. ನಿಘಂಟು ಮುಚ್ಚಿ ಮತ್ತೆ ಬರೆಯಲು ಕುಳಿತೆ. ಕಂಡದ್ದನ್ನಷ್ಟೇ ಬರೆಯಬೇಕೆಂದು ಹಟ ಹಿಡಿದಾಗ, ಆ ದಿನ ಗಾಳಿಯೇ ಇರಲಿಲ್ಲವೆಂಬುದು ನೆನಪಾಯಿತು. ಮೈಮರೆತದ್ದು ನಿದ್ದೆಯಿಂದ. ಎದ್ದು ನೋಡಿದರೆ ಎಮ್ಮೆಯೊಂದು ನನ್ನ ಬುತ್ತಿಯನ್ನು ಬಟ್ಟೆಸಮೇತ ಮೆಲ್ಲುತ್ತಿತ್ತು. ಓಡಿಸಲು ಹೋಗಿ ಕೆಸರಿನಲ್ಲಿ ಕುಳಿತೆ. ಇದಿಷ್ಟೇ. ಒಂದು ವಿಶೇಷಣವನ್ನೂ ಸೇರಿಸದೆ ಅವಳಿಗೆ ಓದಿ ಹೇಳಿದೆ.

ಅವಳು ನಗಲಿಲ್ಲ. "ಅವತ್ತು ಮನಿಗಿ ಬಂದು ಬುತ್ತಿಯಾಗಿನ ಪುಂಡಿಪಲ್ಯ ಭಾಳ ಚಲೋ ಆಗಿತ್ತು ಅಂದಿದ್ರಲ್ಲ?"

"ಎಮ್ಮಿ ಪೂರಾ ತಿಂದಿತ್ತಲ್ಲ, ಅದಕ್ಕ ಅಂದೆ."

ಅವಳು ಹಿಟ್ಟಿನ ಕೈ ಒರೆಸಿಕೊಂಡು ಸುರಪುರದ ತಮ್ಮನಿಗೆ ಫೋನು ಹಚ್ಚಿದಳು. "ನಾಳಿ ಮುಂದಿನ ಸಾಲಿನ್ಯಾಗ ನನಗೊಂದು ಜಾಗಾ ಹಿಡಿ. ನಿಮ್ಮ ಮಾವ ಮೊದಲನೇ ಸಲ ಖರೇ ಬರದಾರ."