ನಮ್ಮಪ್ಪನ ಪಾಲಿಗೆ ಬಂದ ಹುಡುಗ

ಹೊಲದ ಖಾತೆ ಮಾಡಿಸೋಕೆ ಹಳೇ ಪಾಲುಪತ್ರ ಬೇಕು ಅಂದರು. ತಾತ ಸತ್ತಮೇಲೆ ನಮ್ಮಪ್ಪ, ದೊಡ್ಡಪ್ಪ ಬೇರೆಯಾದಾಗ ಬರೆಸಿದ್ದು. ಚಾಮರಾಜನಗರದ ಕಚೇರಿಯಲ್ಲಿ ಹುಡುಕಿಸಿ ನಕಲು ತಂದೆವು. ನಾನು ಓದಿದ್ದು ಮೂರನೇ ಕ್ಲಾಸು, ಆ ಕೂಡಿಸಿ ಬರೆದ ಮೋಡಿ ಅಕ್ಷರ ನನಗೆಲ್ಲಿ ಹತ್ತಬೇಕು? ಬಸ್ಸಿನಲ್ಲಿ ಮೊಮ್ಮಗಳೇ ತಡವರಿಸಿಕೊಂಡು ಓದಿದಳು.

ಹರವೆ ಹೊಲ ದೊಡ್ಡಪ್ಪನಿಗೆ. ಹಂಗಳದ ಹೊಲ, ಗಾಡಿ, ಒಂದು ಜೊತೆ ಎತ್ತು ನಮ್ಮಪ್ಪನಿಗೆ. ಅಲ್ಲಿಗೆ ಬಂದವಳು ನಿಲ್ಲಿಸಿದಳು.

"ಅಜ್ಜಿ, ಮನುಷ್ಯರನ್ನೂ ಹಂಚ್ಕಂಡವ್ರೆ."

ತೀರಿಹೋದ ಜೀತದಾಳಿನ ಇಬ್ಬರು ಗಂಡುಮಕ್ಕಳು. ದೊಡ್ಡವನು ದೊಡ್ಡಪ್ಪನ ಪಾಲಿಗೆ, ಚಿಕ್ಕವನು ನಮ್ಮಪ್ಪನ ಪಾಲಿಗೆ. ಎತ್ತಿನ ಸಾಲಿನ ಕೆಳಗೇ ಬರೆದಿತ್ತು.

ಆ ಚಿಕ್ಕವನು ಮುದುಕನಾಗುವವರೆಗೂ ನಾನು ಕಂಡಿದ್ದೇನೆ. ಒಬ್ಬಳೇ ಮಗಳು ಅಂತ ನನಗೆ ಮನೆಯಳಿಯನನ್ನು ತಂದಿದ್ದರು, ಹಾಗಾಗಿ ನಾನು ಹಂಗಳ ಬಿಡಲಿಲ್ಲ. ಅವನು ತಿಳುವಳಿಕೆ ಬರುವ ಮೊದಲೇ ಬಂದು ನಮ್ಮ ಕೊಟ್ಟಿಗೆಯಲ್ಲಿ ಬೆಳೆದವನು. ಯಾವೂರಿನವನು ಅಂತ ಅವನಿಗೇ ಗೊತ್ತಿರಲಿಲ್ಲ. ನಮ್ಮಪ್ಪ ಹೇಳಲಿಲ್ಲ. ಹೇಳಿದ್ದರೆ ಅಣ್ಣನ ಹತ್ತಿರ ಓಡಿಹೋಗುತ್ತಿದ್ದ, ಅಷ್ಟೇ.

ಊರು ಗೊತ್ತಿಲ್ಲದವನಿಗೆ ಮನೆದೇವರು ಎಲ್ಲಿಂದ ಬರಬೇಕು? ನಮ್ಮ ದೇವರೇ ನಿನ್ನ ದೇವರು ಅಂದುಬಿಟ್ಟಿದ್ದ ನಮ್ಮಪ್ಪ. ಅವನ ಮನೆಯವರು ಮದುವೆಯ ಮೊದಲ ಲಗ್ನಪತ್ರಿಕೆಯನ್ನು ನಮ್ಮ ಗುಡಿಯ ಹೊರಗೆ ಇಟ್ಟು ಹೋಗುತ್ತಿದ್ದರು. ಒಳಕ್ಕೆ ಬಿಡುತ್ತಿರಲಿಲ್ಲವಲ್ಲ.

ಅವನ ಮೊಮ್ಮಗಳು ನಮ್ಮ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಬರುತ್ತಾಳೆ. ಅವಳ ಮಗಳ ಮದುವೆ ಗೊತ್ತಾಗಿ ಪತ್ರಿಕೆ ಅಚ್ಚಾಗಿತ್ತು. ಪಾಲುಪತ್ರ ತಂದ ಮಾರನೇ ದಿನ ಹೊಲದಲ್ಲೇ ಅವಳಿಗೆ ಹೇಳಿದೆ.

"ನಿಮ್ಮೋರು ಹರವೇಲವ್ರೆ ಕಣಮ್ಮಿ. ನಿಮ್ಮ ತಾತನ ಅಣ್ಣನ್ನ ನಮ್ಮ ದೊಡ್ಡಪ್ಪ ಮಡಿಕಂಡ, ನಿಮ್ಮ ತಾತನ್ನ ನಮ್ಮಪ್ಪ ಪಾಲಲ್ಲಿ ತಕಂಡು ಬಂದಿದ್ದ."

ಅವಳ ಕೈ ನಿಲ್ಲಲಿಲ್ಲ. "ಎತ್ತಿನ ಜೊತೇಲಾ ಅವ್ವೋರೆ?"

"ಊಂ."

"ಎತ್ತಾದ್ರೂ ಜೋಡಿ ತಂದವ್ರೆ. ಅಣ್ತಮ್ಮನ್ನ ಬ್ಯಾರೆ ಮಾಡ್ಬುಟ್ರು."

ಒಂದು ಹಿಡಿ ಹೂ ಬುಟ್ಟಿಗೆ ಹಾಕಿ ಕೇಳಿದಳು, "ನಮ್ಮ ದೇವ್ರು ಯಾವ್ದು ಅಂತ ಬರ್ದದಾ?"

"ಇಲ್ಲ. ಹೋಗಿ ಕೇಳನ, ಬಾ."

ಹರವೆಯಲ್ಲಿ ಆ ಅಣ್ಣನ ಮೊಮ್ಮಗ ಸಿಕ್ಕಿದ, ತಲೆ ನರೆತವನು. ನಾನು ಕಾಗದ ತೋರಿಸಿ ಎಲ್ಲ ಹೇಳಿದೆ. ಅವನು ನನ್ನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ನಮ್ಮ ತಾತ ಅಬ್ಬದಲ್ಲಿ ತಮ್ಮನ ಎಸ್ರಲ್ಲಿ ಒಂದು ಎಡೆ ಮಡಗ್ತಿದ್ದ ಕಣವ್ವ. ಸತ್ತೋದೋನು ಅಂತ್ಲೇ ನಾವೂ ಮಡಗ್ತಾ ಇದ್ದೊ."

ಆಮೇಲೆ ನನ್ನ ಕಡೆ ತಿರುಗಿದ. "ನೀವು ಯಾರ್ ಮನೆಯೋರು?"

"ಪಾಲು ಹಂಚ್ಕಂಡೋರ ಮಗಳು."

ಅವನು ಬೈಯಲಿಲ್ಲ. ಕೂತ್ಕಳಿ ಅಂತಲೂ ಅನ್ನಲಿಲ್ಲ. ಅವಳನ್ನು ಕರೆದುಕೊಂಡು ಹಿತ್ತಲಿಗೆ ಹೋದ. ಬೇವಿನ ಮರದ ಬುಡದಲ್ಲಿ ಅರಿಸಿನ ಬಳಿದ ಮೂರು ಕಲ್ಲುಗಳು ನಾನು ನಿಂತಲ್ಲಿಗೇ ಕಾಣುತ್ತಿದ್ದವು. ಅವಳು ಪತ್ರಿಕೆ ಇಟ್ಟು ಅಡ್ಡಬಿದ್ದಳು. ತುಂಬ ಹೊತ್ತು ಏಳಲಿಲ್ಲ.

ಹಣೆಗೆ ಕುಂಕುಮ ಇಟ್ಟುಕೊಂಡು ಬಂದಳು. "ಅಣ್ಣ ಉಳ್ಕೊ ಅಂತಾನೆ ಅವ್ವೋರೆ. ನಾಳೆ ಊ ಕೀಳಕೆ ಬರಲ್ಲ."

"ಬ್ಯಾಡ ಬುಡು," ಅಂದು ನಾನೊಬ್ಬಳೇ ಬಸ್ಸಿಗೆ ಹೋದೆ.