ಚೀಲದಜ್ಜನ ಆಟ

ಸೋಮಪ್ಪನನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಮೆಟ್ಟಿಲಿನ ಮೇಲೆ, ಅಂಗೈಯಗಲದ ಗಾಜಿನೊಳಗೆ. ಅತ್ತಿಬೆಲೆಯ ಫ್ಯಾಕ್ಟರಿಗಳ ಬೆನ್ನಿಗಿರುವ ನಮ್ಮೂರಿನಲ್ಲಿ ಜಮೀನಿದ್ದವರೆಲ್ಲ ಈಗ ಬಾಡಿಗೆ ಮನೆ ಕಟ್ಟಿಸಿಕೊಂಡು ಕೂತಿದ್ದೇವೆ. ನಾನೂ ಅವರಲ್ಲೊಬ್ಬ. ಹಿತ್ತಲಿನ ಶೀಟಿನ ಮನೆಯಲ್ಲಿ ಸಿಂಧನೂರು ಕಡೆಯ ಮಹಾನಂದಾ ಮತ್ತು ಅವಳ ಗಂಡ ಯಮನೂರ ಇದ್ದರು. ಅವಳು ಗಾರ್ಮೆಂಟ್ಸಿಗೆ, ಅವನು ಬೋಲ್ಟು ಮಾಡುವ ಫ್ಯಾಕ್ಟರಿಗೆ. ಅವರ ಮಗಳು ಸಿಂಚು ಅಂಗನವಾಡಿಯಿಂದ ಬಂದಮೇಲೆ ನಮ್ಮ ಜಗಲಿಯಲ್ಲೇ ಆಡಿಕೊಂಡಿರುತ್ತಿತ್ತು. ಶೀಟಿನ ಕೆಳಗೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಸಂಜೆಯಾದರೆ ಮಹಾನಂದಾ ಫೋನು ಹಿಡಿದು ನಮ್ಮ ಮೆಟ್ಟಿಲಿಗೆ ಬಂದು ಕೂರುವಳು, ಅವಳ ಅಪ್ಪ ಸೋಮಪ್ಪ ಗಾಜಿನೊಳಗೆ ಹಾಜರಾಗುವನು.

ಅವನು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲ. ಹರೆಯದಿಂದ ಚೀಲ ಹೊತ್ತು ಹೊತ್ತು ಒಂದು ಭುಜ ಇನ್ನೊಂದಕ್ಕಿಂತ ಕೆಳಗಿಳಿದಿತ್ತು. ಓದು ಬರಹ ಬಾರದು. ಡೇಟಾ ಅಗ್ಗವಾದ ಮೇಲೆ ಗುಂಡಿ ಫೋನು ಬಿಟ್ಟು ಟಚ್ ಫೋನು ತೆಗೆದುಕೊಂಡದ್ದು ಮೊಮ್ಮಗಳ ಮುಖ ನೋಡುವುದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಹೆಸರು ಓದಲಾಗದ್ದರಿಂದ ಮಗಳ ನಂಬರಿಗೆ ಸಿಂಚುವಿನ ಚಿತ್ರ ಹಾಕಿಸಿಕೊಂಡಿದ್ದ. ಮಾತಾಡುತ್ತಾ ಮಾತಾಡುತ್ತಾ ಅವಳು ನಕ್ಕದ್ದು, ಮುನಿದದ್ದು, ಹಲ್ಲುಜ್ಜಿದ್ದು, ಎಲ್ಲದರ ಫೋಟೋ ಹಿಡಿದಿಡುವುದನ್ನೂ ಯಾರಿಂದಲೋ ಕಲಿತಿದ್ದ.

ಹುಟ್ಟಿದಾಗ ಒಮ್ಮೆ ಎತ್ತಿಕೊಂಡದ್ದು ಬಿಟ್ಟರೆ ಮಗು ಅವನ ಕೈಗೆ ಸಿಕ್ಕಿರಲಿಲ್ಲ. ಅದಕ್ಕೇ ಅವನೊಂದು ಆಟ ಕಟ್ಟಿದ. ಖಾಲಿ ಗೋಣಿಚೀಲವನ್ನು ತಲೆಯ ಮೇಲೆ ಎಳೆದುಕೊಂಡು ಫೋನಿನ ಮುಂದೆ ಬರುವುದು. ಇವಳು "ಯಾರ ನೀ?" ಎನ್ನಬೇಕು. ಅವನು "ನಾ ನಿಮ್ಮಜ್ಜ" ಎನ್ನಬೇಕು. ಇವಳು "ಸುಳ್ಳ! ನೀ ಕಳ್ಳ! ನನಗ ಗೊತ್ತಿಲ್ಲ!" ಎಂದು ಕಿರುಚಬೇಕು. ಎಷ್ಟು ಬೇಡಿಕೊಂಡರೂ ಒಪ್ಪಕೂಡದು. ಕೊನೆಗೆ ಅವನು ಗೊಳೋ ಎಂದು ಅತ್ತರೆ ಇವಳು ಗೆದ್ದಂತೆ. ಆಗ "ಅಜ್ಜಾ!" ಎಂದು ಗಾಜಿಗೆ ಮುತ್ತು ಕೊಡುವುದು, ಎಂಜಲಾದ ಫೋನನ್ನು ಮಹಾನಂದಾ ಸೆರಗಿನಲ್ಲಿ ಒರೆಸುವುದು. ದಿನವೂ ಇದೇ ರಾಮಾಯಣ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ? ನನ್ನ ಮೊಮ್ಮಗ ಹರ್ಷವರ್ಧನ್ ಪಕ್ಕದ ಕೋಣೆಯಲ್ಲೇ ಇದ್ದರೂ ಟ್ಯಾಬಿನಿಂದ ತಲೆ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಹದಿನೆಂಟರ ಬೇಸಿಗೆ ಅದು. ಎಲ್ಲರ ಫೋನಿಗೂ ಒಂದೇ ಸುದ್ದಿ ಬಂದು ಬೀಳತೊಡಗಿತು. ಹೊರಗಿನಿಂದ ಮಕ್ಕಳ ಕಳ್ಳರು ಬಂದಿದ್ದಾರೆ, ಚೀಲ ಹಿಡಿದು ಓಡಾಡುತ್ತಾರೆ, ನಿಮ್ಮ ಮಕ್ಕಳನ್ನು ನೋಡಿಕೊಳ್ಳಿ. ಯಾವ ಊರಿನದೋ ಯಾವ ಕಾಲದ್ದೋ, ಹೊಡೆತ ತಿನ್ನುವವರ ವಿಡಿಯೋಗಳು. ನನ್ನ ಹೆಂಡತಿ ನಾಗಲಕ್ಷ್ಮಮ್ಮ ಹಗಲಲ್ಲೂ ಗೇಟಿಗೆ ಬೀಗ ಹಾಕಿದಳು. ಚಿಂದಿ ಆಯುವವರು ಬೀದಿಗೆ ಬರುವುದನ್ನೇ ಬಿಟ್ಟರು. ಅದೆಲ್ಲ ಸುಳ್ಳೆಂದು ಪೊಲೀಸರು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿ ಹೋದರು. ಬೆಂಕಿಯಿಲ್ಲದೆ ಹೊಗೆ ಬಂದೀತೇ ಎಂದು ಜನ ಇನ್ನಷ್ಟು ಹೆದರಿದರು.

ಇಂಥ ಹೊತ್ತಿನಲ್ಲೇ ಸೋಮಪ್ಪ ರೊಟ್ಟಿ, ಶೇಂಗಾ ಹಿಂಡಿಯ ಚೀಲ ಹೊತ್ತು ಮೊಮ್ಮಗಳನ್ನು ನೋಡಲು ಬಂದಿಳಿದ. ಗಾಜಿನಲ್ಲಿ ಅಂಗೈಯಷ್ಟಿದ್ದ ಅಜ್ಜ ಬಾಗಿಲು ತುಂಬ ನಿಂತದ್ದು ಕಂಡು ಸಿಂಚು ಅವ್ವನ ಹಿಂದೆ ಅಡಗಿಕೊಂಡಳು. ಪಾಪ, ಅವನ ಮುಖ ಸಣ್ಣಗಾಯಿತು. ಆಮೇಲೆ ಏನೋ ಹೊಳೆದು, ಚೀಲ ಬರಿದು ಮಾಡಿ ತಲೆಯ ಮೇಲೆ ಎಳೆದುಕೊಂಡ. "ಯಾರ ನೀ?" ಎಂದು ಸಣ್ಣ ದನಿ ಬಂತು. ಅಷ್ಟೇ, ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ.

ಒಂದು ಭಾನುವಾರ ಮಹಾನಂದಾ, ಯಮನೂರ ಇಬ್ಬರಿಗೂ ಓವರ್‌ಟೈಮ್ ಬಿತ್ತು. ಅಜ್ಜ, ಮೊಮ್ಮಗಳು ಐಸ್‌ಕ್ಯಾಂಡಿ ತರಲು ಹೊರಟರು. ನನ್ನ ಹೆಂಡತಿ ಗೇಟಿನ ಬೀಗ ತೆಗೆಯುತ್ತಾ, "ಕಾಲ ಸರಿಯಿಲ್ಲ ಕಣಪ್ಪ, ಮಗೀನ್ ಕೈ ಬಿಡಬ್ಯಾಡ" ಎಂದಳು. "ಬಿಡಂಗಿಲ್ರೀ ಯವ್ವಾ" ಎಂದ ಸೋಮಪ್ಪ. ಮಗುವನ್ನು ಕದಿಯಲು ಯಾರಾದರೂ ಬಂದಾರು ಎಂಬುದೊಂದೇ ನಮ್ಮೆಲ್ಲರ ಭಯ. ಇವನ ಮೇಲೇ ಯಾರಾದರೂ ಬಂದಾರು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಮುಂದೆ ನಡೆದದ್ದನ್ನು ಅಂಗಡಿಯ ದೇವಕ್ಕ ನನಗೆ ಹೇಳಿದಳು. ಹೆದ್ದಾರಿ ಪಕ್ಕದ ಅವಳ ಅಂಗಡಿಯ ಮುಂದೆ ಕ್ಯಾಂಡಿ ಚೀಪುತ್ತಾ ಸಿಂಚು ಆಟ ಶುರು ಮಾಡಿತು. "ನೀ ಕಳ್ಳ! ನನಗ ಗೊತ್ತಿಲ್ಲ!" ಎಂದು ಕಿರುಚಿ ಓಡಿತು. ಕೈ ಬಿಡಬಾರದೆಂದು ಇವನು ಬೆನ್ನಟ್ಟಿ ಹಿಡಿದ. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ನಿಲ್ಲಿಸಿದರು.

"ಏಯ್, ಯಾರ್ಲಾ ನೀನು? ಮಗಾ ಯಾರ್ದು?"

"ನನ್ನ ಮೊಮ್ಮಗಳ್ರೀ, ಮಗಳ ಮಗಳು."

ಅವರಲ್ಲೊಬ್ಬ ಬಗ್ಗಿ, "ಪುಟ್ಟಿ, ಯಾರಮ್ಮ ಇವ್ರು?" ಎಂದು ಕೇಳಿದ.

ಸಿಂಚು ಆಟದೊಳಗೇ ಇದ್ದಳು. "ಕಳ್ಳ!" ಎಂದಳು. ನಗುತ್ತಲೇ ಅಂದಳು ಎಂದು ದೇವಕ್ಕ ಆಣೆ ಮಾಡಿ ಹೇಳುತ್ತಾಳೆ. ಆದರೆ ಕಳ್ಳ ಎಂಬ ಮಾತು ಕೇಳಿದ ಮೇಲೆ ನಗು ಯಾರಿಗೆ ಕಾಣುತ್ತದೆ?

ಜನ ಕೂಡಿದರು. ಸೋಮಪ್ಪ ಬೆವರಿದ. "ಆಟ ಸಾಕವ್ವ, ಖರೇ ಹೇಳವ್ವ, ನಾ ಯಾರು ಹೇಳವ್ವ" ಎಂದು ಬೇಡಿಕೊಂಡ. ಬೇಡಿಕೊಂಡಷ್ಟೂ ಅವಳಿಗೆ ಆಟ ರಂಗೇರಿತು. ತಲೆ ಅಲ್ಲಾಡಿಸಿದಳು. ಸಾಕ್ಷಿಯಿರಲಿ ಎಂದು ಅವನು ಫೋನು ತೆಗೆದ. ಹುಡುಗನೊಬ್ಬ ಕಿತ್ತುಕೊಂಡು ನೋಡಿದರೆ ಫೋನಿನ ತುಂಬ ಒಂದೇ ಮಗುವಿನ ಮುಖ.

"ನೋಡ್ರೋ! ತಿಂಗ್ಳಾನುಗಟ್ಲೆಯಿಂದ ಫೋಟೋ ಇಡ್ಕಂಡು ಒಂಚಾಕವ್ನೆ ಕಳ್ನನ್ಮಗ!"

ಮೊದಲ ಏಟು ಬಿದ್ದದ್ದು ಆಗ. ಸೋಮಪ್ಪ ಅತ್ತ. ಅಜ್ಜ ಅತ್ತದ್ದು ನೋಡಿ ಗೆದ್ದೆನೆಂದು ಮಗು ಚಪ್ಪಾಳೆ ತಟ್ಟಿತು, "ಅಜ್ಜಾ!" ಎಂದು ಕೈ ಚಾಚಿತು. "ಎಲ್ರನ್ನೂ ಅಜ್ಜ ತಾತ ಅಂತವೆ ಮಕ್ಳು" ಎಂದು ಯಾರೋ ಅವಳನ್ನು ಆಚೆಗೆ ಎಳೆದರು. ಅವನ ಬಾಯಿಂದ ರಕ್ತ ಬಂದಾಗ ಅವಳು ಕೂಗಿದ ಕೂಗು ಆಟದ್ದಾಗಿರಲಿಲ್ಲ.

ಇತ್ತ ನಾನು ಊಟ ಮಾಡಿ ಅಡ್ಡಾಗಿದ್ದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಂತು: 'ಮಕ್ಕಳ ಕಳ್ಳ ಸಿಕ್ಕಿದ್ದಾನೆ, ಎಲ್ಲರೂ ಬನ್ನಿ.' ನೆಲದ ಮೇಲೆ ಯಾವನೋ ಮುದುಕ, ಮುಖ ಮಣ್ಣಾಗಿದೆ, ಗುರುತು ಸಿಗಲಿಲ್ಲ. ಹಿಂದಿನಿಂದ ಇಣುಕಿದ ನನ್ನ ಹೆಂಡತಿ ಚೀರಿದಳು. "ರೀ, ಆ ಮೂಲೇಲಿ ಅಳ್ತಿರೋದು ನಮ್ಮ ಸಿಂಚು ಅಲ್ವೇನ್ರೀ?"

ಚಪ್ಪಲಿ ಹಾಕಿದೆನೋ ಇಲ್ಲವೋ ನೆನಪಿಲ್ಲ. ನನ್ನ ಜೊತೆಜೊತೆಗೇ ಜನ ಓಡುತ್ತಿದ್ದರು, ಎಲ್ಲರೂ ನನಗೆ ಗೊತ್ತಿದ್ದವರೇ. ಹಾಲಿನ ಡೇರಿಯ ವೆಂಕಟರಮಣಪ್ಪನ ಕೈಯಲ್ಲಿ ದೊಣ್ಣೆಯಿತ್ತು. "ಗೋಪಾಲಣ್ಣ, ನೀನೂ ಬಂದ್ಯಾ? ಬಾ ಬಾ, ಬೇಗ" ಎಂದ, ಮದುವೆ ಊಟಕ್ಕೆ ಕರೆದ ಹಾಗೆ. ಅಷ್ಟು ಹೊತ್ತಿಗೆ ಸೋಮಪ್ಪ ಬದುಕಿರುತ್ತಾನೋ ಇಲ್ಲವೋ ಎಂಬ ಭಯದಲ್ಲಿ ನಿಲ್ಲದೆ ಓಡಿದೆ. ಗುಂಪನ್ನು ಸೀಳಿ ಅವನ ಮೇಲೆ ಬಿದ್ದೆ. ಬೆನ್ನಿಗೆ ಒಂದು ಏಟು ನನಗೂ ಬಿತ್ತು.

"ಬಿಡ್ರೋ! ನಮ್ಮನೆ ಮಾನಂದನ ಅಪ್ಪ ಕಣ್ರೋ! ಮಗೀಗೆ ಸ್ವಂತ ತಾತ ಕಣ್ರೋ!"

ನನ್ನ ಮುಖ ಗುರುತು ಹಿಡಿದರು, ನಿಂತರು. ಅವನ ಮಾತಿಗಿಲ್ಲದ ಬೆಲೆ ನನ್ನ ಮಾತಿಗೆ ಬಂದದ್ದು ಹೇಗೆಂದು ಕೇಳಬೇಡಿ. ಯಾರೋ ನೀರು ತಂದರು. ಯಾರೋ, "ಮೊದ್ಲೇ ಯೋಳ್ಬಾರ್ದಾ ಯಜಮಾನ್ರೇ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಯಲ್ಲಿ ರಕ್ತ ತುಂಬುವವರೆಗೂ ಅವನು ಇನ್ನೇನು ಹೇಳುತ್ತಿದ್ದ? ಪೊಲೀಸರಿಗೆ ಹೇಳೋಣವೆಂದರೆ ಸೋಮಪ್ಪನೇ ಕೈ ಮುಗಿದ. "ಬ್ಯಾಡ್ರೀ ಸಾಹುಕಾರ್ರ, ಮಗಳು ಇಲ್ಲೇ ಬಾಳ್ವೆ ಮಾಡಬೇಕು."

ನಮ್ಮ ಗುಂಪಿನಲ್ಲಿ ಆ ವಿಡಿಯೋ ಅಳಿಸಿದರು. ಆದರೆ ಅದು ಆಗಲೇ ಎಲ್ಲೆಲ್ಲಿಗೋ ಹೋಗಿತ್ತು. ಆಸ್ಪತ್ರೆಯಲ್ಲಿ ಸೋಮಪ್ಪನ ಗಾಯಕ್ಕೆ ಹಾಕಿದ ಹೊಲಿಗೆ ಬಿಚ್ಚುವ ಮೊದಲೇ ಸಿಂಧನೂರು ಮುಟ್ಟಿತು. ಅವನ ಹೆಂಡತಿ ಮುದುಕವ್ವ ಫೋನು ಮಾಡಿ ಅತ್ತಳು, ಗಿರಣಿಯವರು ಏನು ವಿಷಯ ಎಂದು ಕೇಳಿದರು. ಮಹಾನಂದಾ ನಮ್ಮ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಹೇಳಿದ್ದನ್ನೇ ಹೇಳಿದಳು: ನಮ್ಮಪ್ಪ ಹಂಥಾವ ಅಲ್ಲ.

ಅವನು ಊರಿಗೆ ಹೊರಟ ದಿನ ಮಹಾನಂದಾ, ಸಿಂಚು ಜೊತೆ ನಾನೂ ಅತ್ತಿಬೆಲೆ ಬಸ್ ಸ್ಟಾಪಿನವರೆಗೆ ಹೋದೆ, ಬರಬೇಕೆಂದು ಅವನೇ ಕೇಳಿಕೊಂಡಿದ್ದ. ದಾರಿಯುದ್ದಕ್ಕೂ ಮಗು ಅವನ ಹತ್ತಿರ ಹೋದಾಗೆಲ್ಲ ಅವನು ನನ್ನ ಇನ್ನೊಂದು ಪಕ್ಕಕ್ಕೆ ಸರಿದುಕೊಳ್ಳುತ್ತಿದ್ದ. ಸ್ಟಾಪಿನಲ್ಲಿ ಜನ ತುಂಬಿದ್ದರು. ಸಿಂಚು ಅವನೆದುರು ನಿಂತು, ಎತ್ತಿಕೋ ಎಂದು ಎರಡೂ ಕೈ ಮೇಲೆತ್ತಿತು. ಬದುಕಿಡೀ ಭಾರ ಎತ್ತಿದ ಮನುಷ್ಯ ಸುತ್ತ ಒಮ್ಮೆ ಕಣ್ಣಾಡಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಿಮ್ಮವ್ವನ ಕಡೆ ಹೋಗವ್ವ" ಎಂದ.

ಬಸ್ಸು ಬರುವವರೆಗೂ ಅವಳು ಕೈ ಇಳಿಸಲಿಲ್ಲ.